ಬೆಲೆಯೇರಿಕೆಯೂ ಮನೆಗೆಲಸದವರ ಸಂಬಳವೂ

2025ರಲ್ಲಿ ತೆಂಗಿನಕಾಯಿಯ ಧಾರಣೆ ಕಿಲೋಗೆ 60 ರೂಪಾಯಿ ದಾಟಿದಾಗ ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬಂದವು. ನಾಲ್ಕಾರು ಸಾಲು ತೆಂಗಿನ ಮರಗಳಿರುವ ಮನೆಯವರು, ಬಹುಕಾಲದ ಬಳಿಕ ಬೆಳೆದದ್ದಕ್ಕೆ ತಕ್ಕ ಪ್ರತಿಫಲ ದೊರೆಯಿತೆಂದು ಸಮಾಧಾನಪಟ್ಟರು. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡವರೂ ಬಾಡಿಗೆ ಮನೆಯಲ್ಲಿರುವವರೂ ಪದಾರ್ಥಕ್ಕೆ ಇಡೀ ಕಾಯಿ ಹಾಕುತ್ತಿದ್ದಲ್ಲಿ ಅರ್ಧ ಹಾಕತೊಡಗಿದರು. ಎರಡೂ ಮನೆಯವರು ಒಂದೇ ಪೂಜೆಗೆ ಬಂದು ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುವವರು. ಯಾರ ಮಾತನ್ನು ಸುಳ್ಳೆನ್ನೋಣ?

ಬೆಲೆಯೇರಿಕೆಯ ಮಾತು ಬಂದಾಗ ಸರಕಾರವನ್ನೂ ವ್ಯಾಪಾರಿಗಳನ್ನೂ ಬೈದು ಮುಗಿಸುವ ರೂಢಿ ನಮ್ಮಲ್ಲಿದೆ. ಅದರಲ್ಲಿ ಸತ್ಯಾಂಶ ಇಲ್ಲವೆಂದಲ್ಲ. ಆದರೆ ವಿಷಯ ಅಷ್ಟು ಸರಳವಾದುದಲ್ಲ. 2025ರ ಎಪ್ರಿಲ್ 1ರಿಂದ ರಾಜ್ಯದಲ್ಲಿ ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿತು. ಏರಿದಷ್ಟೂ ಹಾಲು ಉತ್ಪಾದಕರಿಗೇ ಸೇರುವುದೆಂದು ಸರಕಾರ ಹೇಳಿತು. ಹಿಂಡಿ, ಹುಲ್ಲುಗಳ ದರ ತಿಳಿದವರು ಅದನ್ನು ಅನ್ಯಾಯವೆನ್ನಲಾರರು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಎಣ್ಣೆಕಾಳು ಬೆಳೆಗಾರರ ಹಿತಕ್ಕಾಗಿ ಕಚ್ಚಾ ತಾಳೆ, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕವನ್ನು ಶೂನ್ಯದಿಂದ ನೂರಕ್ಕೆ 20ಕ್ಕೆ ಏರಿಸಿತು. ಎಣ್ಣೆಯ ಬೆಲೆ ಮೇಲೇರಿದ ಮೇಲೆ, 2025ರ ಮೇ ಕೊನೆಯಲ್ಲಿ, ಅದನ್ನು 10ಕ್ಕೆ ಇಳಿಸಿತು. ಬೆಳೆಯುವವನನ್ನು ಎತ್ತಿದರೆ ಕೊಳ್ಳುವವನು ಕುಸಿಯುತ್ತಾನೆ, ಕೊಳ್ಳುವವನನ್ನು ಉಳಿಸಿದರೆ ಬೆಳೆಯುವವನು ಬಾಡುತ್ತಾನೆ. ನ್ಯಾಯವಾದ ಬೆಲೆಯ ಕುರಿತು ಹದಿಮೂರನೆಯ ಶತಮಾನದಲ್ಲೇ ವಿಚಾರಮಾಡಿದ ಸಂತ ಥೋಮಸ್ ಅಕ್ವಿನಾಸರಿಗೂ ಇದು ತೊಡಕಿನ ಪ್ರಶ್ನೆಯಾಗಿತ್ತು. ಧಾನ್ಯದ ಕೊರತೆಯಿರುವ ಊರಿಗೆ ಧಾನ್ಯ ತಂದ ವ್ಯಾಪಾರಿ, ಹಿಂದಿನಿಂದ ಇನ್ನಷ್ಟು ವ್ಯಾಪಾರಿಗಳು ಬರುತ್ತಿದ್ದಾರೆಂಬುದನ್ನು ಹೇಳದೆ ಆಗಿನ ದರಕ್ಕೆ ಮಾರಿದರೆ ಅದು ಅನ್ಯಾಯವಾಗದು, ಆದರೆ ಹೇಳಿದರೆ ಅಥವಾ ಬೆಲೆ ಇಳಿಸಿದರೆ ಅವನ ಸದ್ಗುಣ ಹೆಚ್ಚೀತು ಎಂಬುದು ಅವರ ಅಭಿಪ್ರಾಯದ ಸಾರ. ಕಾನೂನಿಗೆ ಸಿಗುವ ನ್ಯಾಯ ಒಂದು. ಅದರಾಚೆಗೂ ನೆರೆಯವನಿಗೆ ಸಲ್ಲಬೇಕಾದುದೊಂದಿದೆ.

ಇನ್ನೊಂದು ಗೊಂದಲವನ್ನೂ ಇಲ್ಲಿ ಬಿಡಿಸಬೇಕಾಗಿದೆ. 2025ರ ಅಕ್ಟೋಬರಿನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಕೇವಲ ನೂರಕ್ಕೆ 0.25 ಎಂದು ಪತ್ರಿಕೆಗಳಲ್ಲಿ ಬಂತು. ಓದಿದ ಗೃಹಿಣಿಯರು ನಕ್ಕಿರಬೇಕು! ಆದರೆ ಅಂಕಿ ಸುಳ್ಳಲ್ಲ. ಹಣದುಬ್ಬರದ ದರ ಇಳಿಯಿತೆಂದರೆ ಬೆಲೆ ಇಳಿಯಿತೆಂದಲ್ಲ, ಕಳೆದ ವರ್ಷದ ಅದೇ ತಿಂಗಳಿಗಿಂತ ಹೆಚ್ಚೇನೂ ಏರಿಲ್ಲ ಎಂದಷ್ಟೇ ಅರ್ಥ. ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ 2023ರ ಜುಲೈಯಲ್ಲಿ ಇದೇ ದರ 7.44 ಇತ್ತು. ಟೊಮೆಟೊ ಏನೋ ಕೆಳಗಿಳಿಯಿತು. ಆದರೆ ಮನೆ ಬಾಡಿಗೆ, ಶಾಲೆಯ ಶುಲ್ಕ, ಔಷಧ, ಬಸ್ಸಿನ ಟಿಕೆಟು ಇವು ಹತ್ತಿದ ಮೆಟ್ಟಿಲನ್ನು ಇಳಿಯುವ ಜಾತಿಯವಲ್ಲ. 2025ರ ಜನವರಿಯಲ್ಲಿ ಸರಕಾರಿ ಬಸ್ಸಿನ ಪ್ರಯಾಣದರ ನೂರಕ್ಕೆ 15ರಷ್ಟು ಏರಿತು. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಅದರ ಬಿಸಿ ತಟ್ಟಲಿಲ್ಲ, ಗಂಡಸರಿಗೆ ತಟ್ಟಿತು.

ಈ ಸೂಚ್ಯಂಕಗಳೆಲ್ಲ ಹೇಳುವುದು 'ಸರಾಸರಿ ಕುಟುಂಬ'ದ ಕತೆಯನ್ನು. ತರ್ಕಶಾಸ್ತ್ರ ಕಲಿಸಿದ ನಮ್ಮ ಗುರುಗಳು ಇಂಥದನ್ನು ಬುದ್ಧಿಯಲ್ಲಿ ಮಾತ್ರ ಅಸ್ತಿತ್ವವುಳ್ಳ ವಸ್ತು ಎನ್ನುತ್ತಿದ್ದರು. ಅಂಥ ಕುಟುಂಬ ಯಾವ ವಾರ್ಡಿನಲ್ಲಿಯೂ ಇಲ್ಲ. 2012ನ್ನು ಆಧಾರ ವರ್ಷವಾಗಿಟ್ಟ ಬೆಲೆ ಸೂಚ್ಯಂಕದಲ್ಲಿ ಆಹಾರ ಪಾನೀಯಗಳ ಪಾಲು ನೂರಕ್ಕೆ ಸುಮಾರು 46. ಕೂಲಿಯ ಮನೆಯಲ್ಲಿ ಅದು ಇನ್ನೂ ಹೆಚ್ಚು, ಸಂಬಳದ ಮನೆಯಲ್ಲಿ ಕಡಿಮೆ. ಆದಾಯ ಕಡಿಮೆಯಾದಂತೆಲ್ಲ ಅದರಲ್ಲಿ ಊಟಕ್ಕೆ ಹೋಗುವ ಪಾಲು ಹೆಚ್ಚುತ್ತದೆ ಎಂದು ಏಂಗೆಲ್ ಎಂಬ ಜರ್ಮನ್ ಸಂಖ್ಯಾಶಾಸ್ತ್ರಜ್ಞ 1857ರಲ್ಲಿಯೇ ತೋರಿಸಿಕೊಟ್ಟಿದ್ದ. ಹಾಗಾಗಿ ಒಂದೇ ಬೆಲೆಯೇರಿಕೆ ಒಂದು ಮನೆಯಲ್ಲಿ ಗೊಣಗಾಟ, ಇನ್ನೊಂದು ಮನೆಯಲ್ಲಿ ಹಸಿವು.

ಹಸಿವು ಎಂದರೆ ಒಲೆ ಉರಿಯದಿರುವುದೆಂದು ತಿಳಿಯಬೇಕಾಗಿಲ್ಲ. ಪಡಿತರ ಅಕ್ಕಿ ದೊರೆಯುವ ಈ ರಾಜ್ಯದಲ್ಲಿ ಅನ್ನಕ್ಕೆ ತತ್ವಾರವಿಲ್ಲ. ಆ ಯೋಜನೆಯನ್ನು ಹಗುರಾಗಿ ಕಾಣುವವರೊಡನೆ ನಮಗೆ ಸಹಮತವಿಲ್ಲ. ಆದರೆ ಬೆಳ್ತಿಗೆ ಅಕ್ಕಿ ದೋಸೆಗಾದೀತೇ ಹೊರತು ನಮ್ಮವರ ಗಂಜಿಗೆ ಕುಚ್ಚಲು ಅಕ್ಕಿಯೇ ಬೇಕು, ಅದನ್ನು ಅಂಗಡಿಯಿಂದ ತರಬೇಕು. ಜೂನ್ ತಿಂಗಳನ್ನು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬಂಗುಡೆ ಬೂತಾಯಿ ಕೈಗೆಟಕದ ದರಕ್ಕೇರುತ್ತವೆ. ಮಳೆ ಹಿಡಿದು ಕೂಲಿ ಕೆಲಸ ನಿಲ್ಲುವುದು ಆಗಲೇ. ಶಾಲೆ ತೆರೆಯುವುದು, ಪುಸ್ತಕ, ಸಮವಸ್ತ್ರ, ಕೊಡೆ ಬೇಕಾಗುವುದೂ ಆಗಲೇ. ಅಂಥ ತಿಂಗಳಲ್ಲಿ ಮನೆಯ ಖರ್ಚು ಒಂದು ಕ್ರಮದಲ್ಲಿ ಕಡಿತಗೊಳ್ಳುತ್ತದೆ. ಮೊದಲು ಮೀನು, ಬಳಿಕ ಹಾಲು, ಆಮೇಲೆ ಅಜ್ಜಿಯ ರಕ್ತದೊತ್ತಡದ ಮಾತ್ರೆ ದಿನ ಬಿಟ್ಟು ದಿನ. ಕರಿಮಣಿ ಸೊಸೈಟಿ ಬ್ಯಾಂಕಿಗೆ ಹೋಗುತ್ತದೆ. ಇದ್ದುದನ್ನು ಮಕ್ಕಳಿಗೂ ಗಂಡನಿಗೂ ಬಡಿಸಿ ಸಾರಿನ ನೀರಿನಲ್ಲಿ ಊಟ ಮುಗಿಸುವ ತಾಯಿ ಯಾವ ಸೂಚ್ಯಂಕಕ್ಕೂ ಕಾಣುವುದಿಲ್ಲ. ನೆಂಟರ ಮದುವೆಗೆ ಕೊಡುವ ಉಡುಗೊರೆ ಮಾತ್ರ ಕಡಿಮೆಯಾಗುವುದಿಲ್ಲ, ಅದು ನಾಲ್ಕು ಜನ ನೋಡುವ ಖರ್ಚಲ್ಲವೇ!

ಈಗ ನಾವು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರೋಣ. ಬೆಲೆಯೇರಿಕೆ ನಿಜವಾಗಿ ಮುರಿಯುವುದು ಆದಾಯ ನಿಂತಲ್ಲೇ ನಿಂತವರನ್ನು. ಸರಕಾರಿ ನೌಕರರಿಗೆ ತುಟ್ಟಿಭತ್ಯೆಯಿದೆ; ಕೇಂದ್ರದಲ್ಲಿ ವರ್ಷಕ್ಕೆರಡು ಬಾರಿ ಅದರ ಪರಿಷ್ಕರಣೆಯಾಗುತ್ತದೆ. ಆದರೆ ನೌಕರರ ಪಿಂಚಣಿ ಯೋಜನೆಯಡಿ 2014ರ ಸೆಪ್ಟೆಂಬರಿನಲ್ಲಿ ನಿಗದಿಯಾದ ತಿಂಗಳಿಗೆ 1000 ರೂಪಾಯಿಯ ಕನಿಷ್ಠ ಪಿಂಚಣಿ ಹತ್ತು ವರ್ಷ ಕಳೆದ ಮೇಲೂ 1000 ರೂಪಾಯಿಯೇ ಆಗಿತ್ತು. ಹಂಚಿನ ಕಾರ್ಖಾನೆಯಲ್ಲಿ, ಗೇರುಬೀಜದ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದ ಎಷ್ಟೋ ಹಿರಿಯರು ಇಂಥ ಮೊತ್ತವನ್ನೇ ನೆಚ್ಚಿ ಬಾಳುತ್ತಿದ್ದಾರೆ. ಇದನ್ನು ದೆಹಲಿಯವರು ಸರಿಪಡಿಸಬೇಕು. ಆದರೆ ದೆಹಲಿಯನ್ನೂ ಬೆಂಗಳೂರನ್ನೂ ಕಾಯದೆ ನಾವೇ ಸರಿಪಡಿಸಬಹುದಾದ ಒಂದು ಸಂಗತಿ ಇದೆ. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಒರಸುವವರ, ವಯಸ್ಸಾದ ತಂದೆತಾಯಿಯರನ್ನು ನೋಡಿಕೊಳ್ಳುವವರ, ಇಗರ್ಜಿಯ ಗಂಟೆ ಬಾರಿಸುವವರ, ಗುರುನಿವಾಸದ ಅಡಿಗೆಯವರ, ಶಾಲೆಯ ಆಯಾಗಳ ಸಂಬಳ ಅದು.

ಲೆಕ್ಕ ಮಾಡಿ ನೋಡೋಣ. ತಿಂಗಳಿಗೆ 4000 ರೂಪಾಯಿಗೆ ಕೆಲಸಕ್ಕೆ ಸೇರಿದವರೊಬ್ಬರ ಸಂಬಳ ಐದು ವರ್ಷ ಏರಲಿಲ್ಲವೆಂದಿಟ್ಟುಕೊಳ್ಳಿ. ವರ್ಷಕ್ಕೆ ನೂರಕ್ಕೆ 5ರಂತೆ ಬೆಲೆ ಏರಿದರೆ, ಐದನೆಯ ವರ್ಷದ ಕೊನೆಗೆ ಆ 4000ಕ್ಕೆ ಸಿಗುವುದು ಮೊದಲು 3134 ರೂಪಾಯಿಗೆ ಸಿಗುತ್ತಿದ್ದಷ್ಟೇ. ಅವರ ಸಂಬಳವನ್ನು ಯಾರೂ ಕಡಿಮೆ ಮಾಡಿಲ್ಲ, ಆದರೂ 866 ರೂಪಾಯಿ ಕಡಿತವಾಗಿದೆ. ಮೊದಲಿನ ಸ್ಥಿತಿಗೆ ತರಬೇಕಾದರೆ 5105 ರೂಪಾಯಿ ಕೊಡಬೇಕು. ಅದು ಉದಾರತೆಯಲ್ಲ, ಹಳೆಯ ಸಂಬಳವೇ. ತರಕಾರಿ ಅಂಗಡಿಯಲ್ಲಿ ನಿಂತು "ಏನು ಕಾಲ ಬಂತಪ್ಪ" ಎನ್ನುವವರೇ ಮನೆಗೆ ಬಂದು, ನೂರು ರೂಪಾಯಿ ಹೆಚ್ಚು ಕೇಳಿದ ಕೆಲಸದವರನ್ನು "ದುರಾಸೆಯವರು" ಎನ್ನುವುದುಂಟು. ಒಂದೇ ನಾಲಗೆ!

ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಕರ್ನಾಟಕ 2004ರಲ್ಲಿಯೇ ನಿಗದಿಪಡಿಸಿತ್ತೆಂಬುದು ನಮ್ಮಲ್ಲಿ ಎಷ್ಟು ಮನೆಗಳಿಗೆ ಗೊತ್ತಿದೆ? ದುಡಿಮೆಗಾರನ ಕೂಲಿಯ ಬಗ್ಗೆ ಹದಿಮೂರನೆಯ ಲಿಯೋ ಜಗದ್ಗುರುಗಳು 1891ರಲ್ಲಿ 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರ ಬರೆದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರು ತಳೆದುದಕ್ಕೆ ಮುಖ್ಯ ಕಾರಣ ಆ ಪತ್ರವೆಂದು ತಾವೇ ತಿಳಿಸಿದರು. ಹೆಸರಿನ ಸಂಭ್ರಮವನ್ನು ನಾವೆಲ್ಲ ಆಚರಿಸಿದೆವು. ಇಬ್ಬರು ಒಪ್ಪಿ ನಿಗದಿಪಡಿಸಿದ ಕೂಲಿಯಾದರೂ ದುಡಿಯುವವನ ಮಿತ ಜೀವನಕ್ಕೆ ಸಾಲದಿದ್ದರೆ ಅದು ನ್ಯಾಯವಾದುದಲ್ಲ ಎಂಬುದು ಆ ಪತ್ರದ ವಾದ. "ಅವರೇ ಒಪ್ಪಿ ಬಂದದ್ದಲ್ಲವೇ" ಎಂಬ ನಮ್ಮವರ ಸಮಜಾಯಿಷಿಗೆ ನೂರು ವರ್ಷ ಮೊದಲೇ ಉತ್ತರ ಬಂದಿದೆ.

ಒಂದು ಆಕ್ಷೇಪಕ್ಕೆ ಮಾತ್ರ ಬೆಲೆ ಕೊಡಬೇಕು. ಮಕ್ಕಳು ಹೊರದೇಶದಲ್ಲಿದ್ದು ಬ್ಯಾಂಕಿನ ಬಡ್ಡಿಯಲ್ಲಿ ಬದುಕುವ ವೃದ್ಧ ದಂಪತಿಗಳು, ವಿಧವೆಯರು ನಮ್ಮಲ್ಲಿ ಬಹಳ. 2025ರಲ್ಲಿ ರಿಸರ್ವ್ ಬ್ಯಾಂಕು ರೆಪೋ ದರವನ್ನು 6.5ರಿಂದ 5.25ಕ್ಕೆ ಇಳಿಸಿದಾಗ ಸಾಲಗಾರರಿಗೆ ಹಗುರವಾಯಿತು, ಠೇವಣಿಯ ಬಡ್ಡಿ ನಂಬಿದವರಿಗೆ ಭಾರವಾಯಿತು. ಹೆಚ್ಚು ಸಂಬಳ ಕೊಡಲು ಅವರಲ್ಲಿ ಇಲ್ಲ. ಅಂಥವರು ದರ ಏರಿಸಿ ಗಂಟೆ ಇಳಿಸುವುದು ಒಳ್ಳೆಯದೆಂದು ನಮ್ಮ ಅನಿಸಿಕೆ. ದಿನವೂ ಬರುತ್ತಿದ್ದವರು ವಾರಕ್ಕೆ ನಾಲ್ಕು ದಿನ ಬರಲಿ. ಉಳಿದ ದಿನಗಳಲ್ಲಿ ಬೇರೆ ಮನೆಯಲ್ಲಿ ದುಡಿಯಲು ಅವರಿಗೆ ಬಿಡುವಾಗುತ್ತದೆ.

ಧರ್ಮಕೇಂದ್ರಗಳ ಆರ್ಥಿಕ ಸಮಿತಿಗಳಿಗೆ ಈ ನೆಪವೂ ಇಲ್ಲ. ಹಬ್ಬದ ದೀಪಾಲಂಕಾರದ ಬಿಲ್ಲು ವರ್ಷ ವರ್ಷವೂ ಬೆಳೆಯುವುದನ್ನು ಅವು ಚರ್ಚೆಯಿಲ್ಲದೆ ಮಂಜೂರು ಮಾಡುತ್ತವೆ. ರಾಜ್ಯದ ಕಾರ್ಮಿಕ ಇಲಾಖೆ ಕನಿಷ್ಠ ವೇತನಕ್ಕೆ ಸೇರುವ ತುಟ್ಟಿಭತ್ಯೆಯನ್ನು ಎಪ್ರಿಲ್ 1ರಿಂದ ಅನ್ವಯವಾಗುವಂತೆ ವರ್ಷ ವರ್ಷ ಪರಿಷ್ಕರಿಸುತ್ತ ಬಂದಿದೆ. ಮಾರ್ಚ್ ಕೊನೆಗೆ ಲೆಕ್ಕಪತ್ರ ಮುಗಿಸುವ ಸಭೆಯಲ್ಲಿ ಆ ಪಟ್ಟಿಯನ್ನು ತರಿಸಿ, ಗಂಟೆ ಬಾರಿಸುವವರ ಮತ್ತು ಅಡಿಗೆಯವರ ಸಂಬಳದ ಪಕ್ಕದಲ್ಲಿಟ್ಟು ಓದಲು ಅರ್ಧ ಗಂಟೆ ಸಾಕು.