ಕ್ಯೂಆರ್ ಹರಿಯಬೇಡಿ, ಲೆಕ್ಕ ಕೇಳಿ

2025ರ ಜುಲೈನಲ್ಲಿ ಹಾವೇರಿಯ ಕಾಯಿಪಲ್ಲೆ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿ ಜಿಎಸ್‌ಟಿ ನೋಟಿಸ್ ಬಂತು. ಕಾರಣ, ನಾಲ್ಕು ವರ್ಷಗಳಲ್ಲಿ ಯುಪಿಐ ಮೂಲಕ ನಡೆದ 1.63 ಕೋಟಿ ವಹಿವಾಟು. ಆದರೆ ತಾಜಾ ಕಾಯಿಪಲ್ಲೆಗೆ ಜಿಎಸ್‌ಟಿಯೇ ಇಲ್ಲ! ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯೂ ಬೇಡ. ಖಾತೆಗೆ ಬಂದ ದುಡ್ಡು ನೋಡಿದ ಇಲಾಖೆ, ಬುಟ್ಟಿಯಲ್ಲಿ ಏನಿದೆ ಎಂದು ನೋಡಲಿಲ್ಲ.

ಅದೇ ತಿಂಗಳು ಬೆಂಗಳೂರಿನ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಅಂಟಿದವು. ಸಿಟ್ಟು ನ್ಯಾಯವಾದದ್ದೇ. ಆದರೆ ದಾರಿ ತಪ್ಪು ಎನ್ನುತ್ತೇವೆ ನಾವು. ನಗದಾಗಲಿ, ಯುಪಿಐ ಆಗಲಿ, ಕಾನೂನಿನಲ್ಲಿ ಎರಡೂ ವಹಿವಾಟೇ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ನೋಂದಣಿಯ ಮಿತಿ.

ಲಾಭ-ನಷ್ಟ ತೂಗೋಣ. ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿಗೆ ಶುಲ್ಕವಿಲ್ಲ. ಖರ್ಚಿರುವುದು ಹಣ ಬಂತೆಂದು ಕೂಗುವ ಡಬ್ಬಿಯ ಬಾಡಿಗೆಗೆ. ಬೇಡವಾದರೆ ವಾಪಸ್ ಕೊಡಿ, ಕ್ಯೂಆರ್ ಚೀಟಿ ಸಾಕು. ಚಿಲ್ಲರೆ ಜಗಳ ತಪ್ಪುತ್ತದೆ, ‘ನಾಳೆ ಕೊಡ್ತೀನಿ’ ಎಂಬ ಉದ್ರಿ ಕಡಿಮೆಯಾಗುತ್ತದೆ, ಸಾಲ ಕೇಳಲು ಹೋದಾಗ ಬ್ಯಾಂಕಿಗೆ ತೋರಿಸಲು ದಾಖಲೆ ಇರುತ್ತದೆ.

ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟ ಮೇಲೆ, ಇಂಥ ನೋಟಿಸ್ ಹಿಂಪಡೆಯುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಅಷ್ಟಕ್ಕೇ ಸುಮ್ಮನಾಗಬಾರದು. ನೋಟಿಸ್‌ಗೆ ಮೊದಲು ಅಧಿಕಾರಿಗಳು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸಂತೆಗಳಿಗೆ ಬಂದು ಕನ್ನಡದಲ್ಲಿ ನಿಯಮ ತಿಳಿಸಲಿ. ನಾವೂ ಖರೀದಿ ಚೀಟಿ ಜೋಪಾನವಾಗಿಡೋಣ, ಮನೆ ಹಣಕ್ಕೂ ಅಂಗಡಿ ಹಣಕ್ಕೂ ಬೇರೆ ಖಾತೆ ಮಾಡೋಣ. ಲೆಕ್ಕ ಕೈಯಲ್ಲಿದ್ದವರಿಗೆ ನೋಟಿಸ್‌ನ ಅಂಜಿಕೆ ಯಾಕೆ?