ದೇವದುರ್ಗಕ್ಕೆ ಎಷ್ಟು ಅಕ್ಷರ?

ನಾಲ್ಕು ಅಂತೀರಿ ನೀವು. ದೇ, ವ, ದು, ರ್ಗ. ಕಂಪ್ಯೂಟರ್ ಮಾತ್ರ ಎಂಟು ಅನ್ನುತ್ತೆ. ದ, ಏತ್ವ, ವ, ದ, ಕೊಂಬು, ರ, ಹಲಂತ, ಗ - ಇವು ಯೂನಿಕೋಡಿನ ಎಂಟು ಸಂಕೇತಗಳು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಒಟ್ಟು 24. ಇಲ್ಲಿಗೇ ಮುಗಿಯಲಿಲ್ಲ. ಆ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘದ ಗುರುತು ಅಂತ ಎರಡಾಗಿ ಒಡೆದೂ ಬರೆಯಬಹುದು. ಆಗ 9 ಸಂಕೇತ, 27 ಬೈಟ್. ಕಣ್ಣಿಗೆ ಎರಡೂ ಒಂದೇ. ಆದರೆ ಎರಡೂ ಒಂದೇ ಅಂತ ಯಾರಾದರೂ ಹೇಳಿಕೊಡದಿದ್ದರೆ ಪ್ರೋಗ್ರಾಮಿಗೆ ಅವು ಬೇರೆ ಬೇರೆ ಪದಗಳು.

ಇದನ್ನೆಲ್ಲ ಯಾಕೆ ಹೇಳ್ತಾ ಇದ್ದೀನಿ ಅಂದ್ರೆ, ನಮ್ಮ ಕಡೆ ದೇವದುರ್ಗ, ಮಾನ್ವಿ ತಾಲೂಕುಗಳಿಂದ ಬೆಂಗಳೂರಿಗೆ ಗುಳೆ ಹೋಗುವ ಮಂದಿ ಬಹಳ. ಅವರಿಗೂ ಊರಿಗೂ ಈಗ ಮೊಬೈಲಿನ ಮೆಸೇಜೇ ನಂಟು. ಹೊಲದ ಸುದ್ದಿ, ಆಸ್ಪತ್ರೆ ಸುದ್ದಿ, ದುಡ್ಡು ಬಂತೋ ಇಲ್ಲವೋ ಅನ್ನುವುದು, ಎಲ್ಲ ಅದರಲ್ಲೇ. ಆ ಮೆಸೇಜ್ ಅರ್ಧ ತುಂಡಾಗಿ ಬಂದರೆ, ಹುಡುಕಿದಾಗ ಸಿಗದಿದ್ದರೆ ತೊಂದರೆ ಯಾರಿಗೆ? ಮತ್ತೆ, ಕನ್ನಡದಲ್ಲಿ ಅದನ್ನ ಪರೀಕ್ಷೆ ಮಾಡಿದವರು ಯಾರು?

ಟೆಸ್ಟಿಂಗ್ ಮಾಡುವವರಲ್ಲಿ ಹೆಚ್ಚಿನವರು 'ಹಲೋ' ಅಂತ ಕಳಿಸಿ ಮುಗಿಸುತ್ತಾರೆ. ಸೋಮಾರಿತನ ಅಂತಲ್ಲ. ಫೋನಿನ ಪರದೆ ಮೇಲೆ ಒಂದೊಂದೇ ಬಟನ್ ಒತ್ತಿ ಪರೀಕ್ಷೆ ಮಾಡೋದು ನಿಧಾನದ ಕೆಲಸ. ಬಟನ್ ಜಾಗ ಬದಲಾದರೆ ಬರೆದಿಟ್ಟ ಪರೀಕ್ಷೆಯೂ ಮುರಿಯುತ್ತೆ.

ಅದಕ್ಕೇ ನನಗೆ ಇಷ್ಟವಾಗಿದ್ದು ಸ್ಟೇಟಸ್ ಅನ್ನುವ ಮೆಸೆಂಜರ್‌ನವರು ಹಿಡಿದ ದಾರಿ. ಖಾತೆ ತೆರೆಯೋದು, ಗೂಢಲಿಪಿ ಮಾಡೋದು, ಕಳಿಸೋದು, ಉಳಿಸಿಡೋದು ಎಲ್ಲ 'ಸ್ಟೇಟಸ್-ಗೋ' ಅನ್ನುವ ಲೈಬ್ರರಿಯ ಕೆಲಸ. ಗೋ ಭಾಷೆಯಲ್ಲಿ ಬರೆದದ್ದು, ಓಪನ್ ಸೋರ್ಸ್. ಮೇಲಿನ ಪರದೆ ಅದನ್ನ ಕರೆದು ಕೆಲಸ ಮಾಡಿಸಿಕೊಳ್ಳುತ್ತೆ, ಅಷ್ಟೇ. ಅದೇ ಕರೆಗಳನ್ನ 'ಸ್ಟೇಟಸ್-ಬ್ಯಾಕೆಂಡ್' ಅನ್ನುವ ಸಣ್ಣ ಪ್ರೋಗ್ರಾಮಿನಲ್ಲಿ ಎಚ್‌ಟಿಟಿಪಿ ಮೂಲಕ ತೆರೆದಿಟ್ಟಿದ್ದಾರೆ. ಜೇಸನ್ ಕಳಿಸಿದರೆ ಜೇಸನ್ ಉತ್ತರ. ಹೊಸ ಮೆಸೇಜ್ ಬಂತು ಅನ್ನುವಂಥ ಸೂಚನೆಗಳು ವೆಬ್‌ಸಾಕೆಟ್‌ನಲ್ಲಿ ಬರುತ್ತವೆ. ಪರೀಕ್ಷೆಗಳನ್ನ ಅವರು ಪೈಥಾನ್‌ನಲ್ಲಿ ಬರೆದಿದ್ದಾರೆ. ಸಿಗ್ನಲ್‌ಗೂ ಇಂಥದ್ದೊಂದಿದೆ, 'ಸಿಗ್ನಲ್-ಸಿಎಲ್‌ಐ' ಅಂತ. ಕಂಪನಿಯದ್ದಲ್ಲ, ಹೊರಗಿನವರು ಮಾಡಿದ್ದು. ಅದೂ ಎಚ್‌ಟಿಟಿಪಿ ಮಾತಾಡುತ್ತೆ. ಟೆಲಿಗ್ರಾಂ 2018ರಲ್ಲಿ ತನ್ನ ಟಿಡಿಲಿಬ್ ಲೈಬ್ರರಿಯನ್ನು, 2020ರಲ್ಲಿ ಅದರ ಮೇಲೆ ಕೂತ ಎಚ್‌ಟಿಟಿಪಿ ಬಾಟ್ ಸರ್ವರಿನ ಕೋಡನ್ನೂ ಬಿಟ್ಟುಕೊಟ್ಟಿತು. ಅದು ಇರೋದು ಬಾಟ್‌ಗಳಿಗಾಗಿ, ಆದರೆ ಕಟ್ಟಡ ಇದೇ.

ಹೀಗೊಂದು ಬಾಗಿಲಿದ್ದರೆ ಏನೇನು ಮಾಡಬಹುದು ನೋಡಿ. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಪ್ರತಿ ಓಡಿಸಿ. ಒಂದಕ್ಕೆ 'ದೇವದುರ್ಗದ ಅತ್ತಿ', ಇನ್ನೊಂದಕ್ಕೆ 'ಬೆಂಗಳೂರಿನ ಅಳಿಯ' ಅಂತ ಹೆಸರಿಡಿ :) ಅತ್ತಿಯ ಕಡೆಯಿಂದ ಒಡೆದ ಏತ್ವದ ದೇವದುರ್ಗ ಕಳಿಸಿ, ಅಳಿಯನ ಕಡೆ ಒಡೆಯದ ಏತ್ವದಲ್ಲಿ ಹುಡುಕಿ. 'ರಾಯ್‌ಚೂರು' ಅಂತ ಕಳಿಸಿ, ಯ್ ಆದಮೇಲೆ ಕೂತಿರುವ ಕಣ್ಣಿಗೆ ಕಾಣದ ಸಂಕೇತ ಹಾಗೇ ತಲುಪಿತಾ ನೋಡಿ. ಅಳಿಯನ ನೆಟ್‌ವರ್ಕ್ ಕಡಿದು ಹತ್ತು ಮೆಸೇಜ್ ಕಳಿಸಿ, ಮತ್ತೆ ಜೋಡಿಸಿ ಎಣಿಸಿ. ಫೋನೂ ಬೇಡ, ಪರದೆಯೂ ಬೇಡ. ದಿನಕ್ಕೆ ಸಾವಿರ ಸಲ ಮಾಡಿದರೂ ಬೆರಳು ನೋಯಲ್ಲ.

ಆದರೆ ಮೂರು ಮಾತು. ಒಂದು, ಬಾಗಿಲು ಬರೀ ಬಾಗಿಲಾಗಿರಬೇಕು. ಎಚ್‌ಟಿಟಿಪಿ ಪದರದಲ್ಲೇ ತಪ್ಪು ತಿದ್ದುವ ಕೋಡ್ ಸೇರಿಸಿದರೆ ಪರೀಕ್ಷೆ ಪಾಸ್, ಆಪ್ ಫೇಲ್. ಎರಡು, ಈ ಬಾಗಿಲಿಂದ ಅಲ್ಲಿ ತೆರೆದಿರುವ ಖಾತೆಯ ಮೆಸೇಜನ್ನೆಲ್ಲ ಓದಬಹುದು. ಹಾಗಾಗಿ 127.0.0.1 ಬಿಟ್ಟು ಹೊರಗೆ ತೆರೆಯಬಾರದು, ಜನರ ಕೈಗೆ ಕೊಡುವ ಆಪ್‌ನಲ್ಲಿ ಇದು ಇರಲೇಬಾರದು. ಮೂರು, ಅರ್ಕಾವತ್ತು ಪರದೆ ಮೇಲೆ ಸರಿಯಾಗಿ ಮೂಡಿತಾ ಅನ್ನೋದನ್ನ ಇದು ಹೇಳಲ್ಲ. ಅದಕ್ಕೆ ಕಣ್ಣೇ ಬೇಕು.

ಇಷ್ಟಾದರೂ ನನ್ನ ವಾದ ಇದು: ಕನ್ನಡಕ್ಕೆ ಫಾಂಟು, ಕೀಬೋರ್ಡು ಬೇಕು ಅಂತ ನಾವು ಎಷ್ಟೋ ವರ್ಷ ಕೂಗಿದ್ದೇವೆ. ಟೆಸ್ಟ್ ಕೇಸು ಬೇಕು ಅಂತ ಕೂಗಿದ್ದು ಕಡಿಮೆ. ಓಪನ್ ಸೋರ್ಸ್ ಮೆಸೆಂಜರ್‌ಗಳು ಈಗ ಬಾಗಿಲು ತೆರೆದಿಟ್ಟಿವೆ. 2019ರಲ್ಲಿ ಶುರುವಾದ ರಾಯಚೂರಿನ ಐಐಐಟಿಯ ಹುಡುಗ ಹುಡುಗಿಯರು ಹಾಸ್ಟೆಲಿನಲ್ಲೇ ಕೂತು ಇದನ್ನ ಮಾಡಬಹುದು. ಕೋಡ್ ಬರದ ಬ್ಲಾಗಿಗರೂ ಮಾಡಬಹುದಾದ ಕೆಲಸ ಇದೆ: ನಿಮ್ಮ ಊರು, ನಿಮ್ಮ ಮನೆ ಮಂದಿಯ ಹೆಸರಿನಲ್ಲಿ ಕಂಪ್ಯೂಟರ್ ಎಡವುವಂಥ ಪದ ಯಾವುದಿದೆ ಅಂತ ಹೇಳೋದು.

ನಾನು ಪಟ್ಟಿ ಮಾಡ್ತಾ ಇದ್ದೀನಿ. ಕಾಮೆಂಟಿನಲ್ಲಿ ಒಂದೊಂದು ಪದ ಹಾಕಿ ಹೋಗ್ತೀರಾ?