ತುಂಡಾದ ಬೋಲ್ಟ್

ಮಳೆ ಬಿಟ್ಟ ಮೇಲೆ ತಂಗಿಯ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಅವಳ ಮಗ ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಕೈಯೆಲ್ಲ ಕರಿ, ಮುಖವಂತೂ ಇನ್ನೂ ಕರಿ. ಸಲಾಂ ಹೇಳಿದವನು ತಲೆ ಎತ್ತಲೇ ಇಲ್ಲ. ಒಳಗೆ ತಂಗಿ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕುಳಿತಿದ್ದಳು. “ನಾಳೆ ಅಂಗಡಿಗೆ ಹದಿನೈದು ಚೂಡಿದಾರ್ ಕೊಡಬೇಕು. ಬೈಕ್ ಇವನು ಮುಗಿಸಿಯೇ ಬಿಟ್ಟ” ಎಂದಳು.

ಆಗಿದ್ದು ಇಷ್ಟು. ಬೈಕಿನ ಮುಂಭಾಗದಲ್ಲಿ ಪಟಪಟ ಸದ್ದು ಬರುತ್ತಿತ್ತು. ಸೈಲೆನ್ಸರ್ ಪೈಪ್ ಎಂಜಿನ್ನಿಗೆ ಸೇರುವಲ್ಲಿ ಹೊಗೆ ಸೋರುತ್ತಿದೆ ಎಂಬುದನ್ನು ಹುಡುಗ ಸರಿಯಾಗಿಯೇ ಕಂಡುಹಿಡಿದಿದ್ದ. ಅಲ್ಲಿನ ವಾಷರ್ ಬದಲಾಯಿಸಿದರೆ ಮುಗಿಯಿತು. ಗ್ಯಾರೇಜಿನ ಖರ್ಚು ಉಳಿಸೋಣ ಎಂದು ತಾನೇ ಕೈ ಹಾಕಿದ. ಆ ಪೈಪನ್ನು ಹಿಡಿದಿರುವುದು 6 ಮಿಲಿಮೀಟರ್ ದಪ್ಪದ ಎರಡು ಸ್ಟಡ್‌ಗಳು, ಅಂದರೆ ತಲೆಯಿಲ್ಲದ ಬೋಲ್ಟ್‌ಗಳು. ಒಂದೆಡೆ ಎಂಜಿನ್ನಿನ ಕಾವು, ಇನ್ನೊಂದೆಡೆ ಚಕ್ರ ಎರಚುವ ಮಳೆನೀರು, ಅದರ ಮೇಲೆ ನಮ್ಮ ಕಡಲ ಬದಿಯ ಉಪ್ಪುಗಾಳಿ. ನಟ್ಟು ತುಕ್ಕು ಹಿಡಿದು ಸ್ಟಡ್ಡಿಗೆ ಅಂಟಿಕೊಂಡಿತ್ತು. ಹುಡುಗ ಸ್ಪ್ಯಾನರಿಗೆ ಒಂದು ಉದ್ದ ಕಬ್ಬಿಣದ ಪೈಪ್ ಸಿಕ್ಕಿಸಿ ಜಗ್ಗಿದ. ‘ಟಕ್’ ಎಂದಿತು. ಸಡಿಲವಾಯಿತೆಂದು ಖುಷಿಪಟ್ಟನಂತೆ. ನೋಡಿದರೆ ಸ್ಟಡ್ ಬುಡದಲ್ಲೇ ತುಂಡಾಗಿ, ಅರ್ಧ ಎಂಜಿನ್ನಿನ ಒಳಗೇ ಉಳಿದಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಹಾನಿ ಸಣ್ಣದು. ಆದರೆ ತಪ್ಪು ಮಾಡಿದ ಮಕ್ಕಳು ಅಮ್ಮನಿಗೆ ಗೊತ್ತಾಗುವ ಮುಂಚೆ ಸರಿಪಡಿಸಲು ಹೋಗಿ ಅದನ್ನು ದೊಡ್ಡದು ಮಾಡುತ್ತಾರಲ್ಲ! ನೆರೆಮನೆಯಿಂದ ಡ್ರಿಲ್ ತಂದು ಕೊರೆದ. ತುಂಡಾದ ಸ್ಟಡ್ಡಿನ ತುದಿ ಓರೆಕೋರೆ, ಮೇಲಾಗಿ ಗಟ್ಟಿ ಉಕ್ಕು. ಸುತ್ತ ಇರುವುದು ಮೆತ್ತಗಿನ ಅಲ್ಯೂಮಿನಿಯಂ. ಡ್ರಿಲ್ ಜಾರಿ ಅಲ್ಯೂಮಿನಿಯಮ್ಮಿನ ಕಡೆಗೆ ಹೋಯಿತು. ಒಂದು ಬದಿಯ ಮರೆ, ಅಂದರೆ ಥ್ರೆಡ್, ಕೊಚ್ಚಿಹೋಯಿತು. ಹತ್ತಿರದ ಗ್ಯಾರೇಜಿನವರು ಇಣುಕಿ ನೋಡಿ, “ಹೆಡ್ಡೇ ಬದಲಾಯಿಸಬೇಕು” ಎಂದುಬಿಟ್ಟರು. ಅವರು ಹೇಳಿದ ಮೊತ್ತ ಕೇಳಿ ತಂಗಿ ಯಂತ್ರ ನಿಲ್ಲಿಸಿ ಕುಳಿತದ್ದು.

ನನಗೂ ಬೈಕಿನ ಬಗ್ಗೆ ಆಗ ಏನೂ ಗೊತ್ತಿರಲಿಲ್ಲ. ಆದರೂ ಇನ್ನೊಬ್ಬರನ್ನು ಕೇಳೋಣ ಎಂದೆ. ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದರು. ಬೈಕನ್ನು ರಿಕ್ಷಾ ಟೆಂಪೋದಲ್ಲಿ ಹೇರಿಕೊಂಡು ಹೋದೆವು. ಬಟ್ಟೆಯ ಕಟ್ಟು ಹಿಡಿದು ತಂಗಿಯೂ ಬಂದಳು. ಅಂಗಡಿಗೆ ಅಲ್ಲಿಂದಲೇ ಬಸ್ಸು ಹಿಡಿಯುವುದೆಂದು ಲೆಕ್ಕ.

ಅವರು ಬಯ್ಯಲಿಲ್ಲ. “ಸ್ಟಡ್ ತುಂಡಾದ ಮೇಲೆ ಎಷ್ಟು ಹೊರಗೆ ಉಳಿದಿದೆ ಎಂದು ಮೊದಲು ನೋಡಬೇಕು” ಎಂದರು ಹುಡುಗನಿಗೆ. ಸ್ವಲ್ಪ ಹೊರಗಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಂದು ರಾತ್ರಿ ಕಾದು, ಮೆಲ್ಲಗೆ ತಟ್ಟಿ, ಹಿಡಿದು ತಿರುಗಿಸಬಹುದು. ಅದಕ್ಕೂ ಬಗ್ಗದಿದ್ದರೆ ಸುತ್ತಲಿನ ಲೋಹಕ್ಕೆ ಕಾವು ಕೊಡಬೇಕು. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ತೂತು ಅಗಲವಾಗಿ ಬೋಲ್ಟ್ ಸಡಿಲಾಗುತ್ತದೆ. ಉಪ್ಪಿನಕಾಯಿ ಬಾಟಲಿಯ ಬಿಗಿದ ಮುಚ್ಚಳವನ್ನು ನಾವು ಬಿಸಿನೀರಿಗೆ ಹಿಡಿಯುತ್ತೇವಲ್ಲ, ಅದೇ ಲೆಕ್ಕ. (ಮನೆಯಲ್ಲಿ ಪೆಟ್ರೋಲ್ ಟ್ಯಾಂಕ್ ಇರುವ ಬೈಕಿಗೆ ಬೆಂಕಿ ಹಿಡಿಯುವ ಸಾಹಸ ಯಾರೂ ಮಾಡಬೇಡಿ.)

ಏನೂ ಹೊರಗಿಲ್ಲದಿದ್ದರೆ ಕೊರೆಯಲೇಬೇಕು. ತುದಿಯನ್ನು ಅರದಿಂದ ಸಮ ಮಾಡಿ, ಸರಿಯಾಗಿ ನಡುವೆ ಪಂಚ್ ಹೊಡೆದು, ಮೊದಲು ಸಣ್ಣ ಡ್ರಿಲ್. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಇದ್ದರೆ ಕೊರೆಯುವಾಗಲೇ ತುಂಡು ಸಡಿಲಾಗಿ ಹೊರಬರುವುದೂ ಉಂಟಂತೆ. ಈಜಿ ಔಟ್ ಎಂಬ ಉಲ್ಟಾ ಮರೆಯ ಸಾಧನವೂ ಇದೆ. ಅದರ ಬಗ್ಗೆ ಮಾತ್ರ ಅವರು ಬೆರಳೆತ್ತಿ ಎಚ್ಚರಿಸಿದರು. ಅದು ಬಹಳ ಗಟ್ಟಿ, ಅಷ್ಟೇ ಪೆಡಸು. ಜೋರು ಮಾಡಿ ಅದೇ ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಅದನ್ನು ಮುಟ್ಟುವುದೂ ಇಲ್ಲ.

ನಮ್ಮ ಬೈಕಿನ ಹೆಡ್ಡನ್ನು ಬಿಚ್ಚಿ ಅವರು ಮೇಜಿನ ಡ್ರಿಲ್ಲಿಗೆ ಕಟ್ಟಿದರು. ಕೈಯಲ್ಲಿ ಹಿಡಿದರೆ ಮತ್ತೆ ಓರೆಯಾಗುತ್ತದೆ ಎಂದು. ಹಳೆಯ ತುಂಡನ್ನು ಪೂರ್ತಿ ಕೊರೆದು ತೆಗೆದರು. ಮರೆ ಹೋದ ತೂತನ್ನು ಸುಮಾರು 6.3 ಮಿಲಿಮೀಟರಿಗೆ ಅಗಲ ಮಾಡಿ, ವಿಶೇಷ ಟ್ಯಾಪ್‌ನಿಂದ ಹೊಸ ಮರೆ ಕಡಿದು, ಅದರೊಳಗೆ ಒಂದು ಪುಟ್ಟ ಸ್ಪ್ರಿಂಗ್ ತಿರುಗಿಸಿದರು. ಅದರ ಹೆಸರು ಹೆಲಿಕಾಯಿಲ್. ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ. ತೂತಿಗಿಂತ ತುಸು ದೊಡ್ಡದಾಗಿರುವ ಕಾರಣ ಒಳಗೆ ಹೋದ ಮೇಲೆ ಹಿಗ್ಗಿ ಬಿಗಿಯಾಗಿ ಕೂರುತ್ತದೆ. ಅದರ ಹೊರಮೈ ಅಲ್ಯೂಮಿನಿಯಮ್ಮನ್ನು ಹಿಡಿದರೆ, ಒಳಮೈ ಮತ್ತೆ ಅದೇ 6 ಮಿಲಿಮೀಟರಿನ ಮರೆ. ಹಳೆಯ ಅಳತೆಯ ಸ್ಟಡ್ಡೇ ಸಾಕು. ಮೆತ್ತಗಿನ ಅಲ್ಯೂಮಿನಿಯಂ ಮರೆಯ ಬದಲು ಉಕ್ಕಿನ ಮರೆ ಬಂದುದರಿಂದ ಮೊದಲಿಗಿಂತಲೂ ಗಟ್ಟಿ ಎಂದರು. ಕೆಲವರು ತೂತು ದೊಡ್ಡದು ಮಾಡಿ 8 ಮಿಲಿಮೀಟರಿನ ಬೋಲ್ಟ್ ಹಾಕಿಬಿಡುತ್ತಾರೆ. ಅದೂ ನಡೆಯುತ್ತದೆ, ಆದರೆ ಅಲ್ಲಿ ಲೋಹ ತೆಳುವಾಗುತ್ತದೆ, ಮುಂದಿನ ಸಲಕ್ಕೆ ಜಾಗ ಉಳಿಯುವುದಿಲ್ಲ.

ಬಿಲ್ಲು ಹೊಸ ಹೆಡ್ಡಿನ ಮೊತ್ತದ ಹತ್ತಿರಕ್ಕೂ ಬರಲಿಲ್ಲ. ಹೊಸ ಗ್ಯಾಸ್ಕೆಟ್, ಸ್ಟಡ್, ಅವರ ಮಜೂರಿ, ಅಷ್ಟೇ. ನಿಮಗೂ ಯಾರಾದರೂ “ಹೆಡ್ ಬದಲಾಯಿಸಿ” ಎಂದರೆ, “ಹೆಲಿಕಾಯಿಲ್ ಹಾಕಲಾಗುವುದಿಲ್ಲವೇ?” ಎಂದು ಒಂದು ಮಾತು ಕೇಳಿ ನೋಡಿ. ಲೋಹವೇ ಬಿರುಕು ಬಿಟ್ಟಿದ್ದರೆ ಮಾತು ಬೇರೆ.

ಕೊನೆಯ ನಟ್ಟು ಬಿಗಿಯುವ ಕೆಲಸವನ್ನು ಅವರು ಹುಡುಗನಿಗೇ ಕೊಟ್ಟರು. ಮೊದಲು ಬರೀ ಬೆರಳಿನಿಂದ. ಬೆರಳಿಗೆ ಬಗ್ಗದಿದ್ದರೆ ಮರೆ ಅಡ್ಡ ಕೂತಿದೆ ಎಂದರ್ಥ, ಬಿಚ್ಚಿ ಮತ್ತೆ ಶುರು ಮಾಡಬೇಕು. ಆಮೇಲೆ ಸ್ಪ್ಯಾನರ್. ಇಂಥ 6 ಮಿಲಿಮೀಟರಿನ ನಟ್ಟಿಗೆ ಹತ್ತು ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಹತ್ತು ಕಿಲೋದಷ್ಟು ಒತ್ತಡ ಸಾಕು. ಅಷ್ಟೇ ಬಲವನ್ನು ಅರ್ಧ ಮೀಟರ್ ಪೈಪಿನ ತುದಿಯಲ್ಲಿ ಹಾಕಿದರೆ ನಟ್ಟಿನ ಮೇಲೆ ಬೀಳುವುದು ಐದು ಪಟ್ಟು. ಹುಡುಗ ಪೆಚ್ಚಾಗಿ ನಕ್ಕ.

ತಂಗಿ ಮಾತ್ರ ನಗಲಿಲ್ಲ. “ಬಾಬಿನ್ ಕೇಸಿನ ಸ್ಕ್ರೂ ಕಾಲು ಸುತ್ತು ಹೆಚ್ಚಾದರೆ ನೂಲು ತುಂಡಾಗುತ್ತದೆ ಎಂದು ಇವನಿಗೆ ಎಷ್ಟು ಸಲ ತೋರಿಸಿದ್ದೇನೆ” ಎಂದಳು. ಆ ಪೈಪನ್ನು ಅಂದೇ ಸಂಜೆ ಅವನ ಕೈಯಿಂದ ಕಸಿದು ಹಿತ್ತಲಿಗೆ ಒಯ್ದಳು. ಈಗ ಅದರ ಮೇಲೆ ಮಲ್ಲಿಗೆ ಬಳ್ಳಿ ಹಬ್ಬುತ್ತಿದೆ.